ಸೊಟ್ಟಬಾಯಿ ರೂಮಿನಲ್ಲಿ ಎರಡು ದಿನ
ಮೂಡಿಗೆರೆ ಹತ್ತಿರ ತೋಟದ ನಡುವಿನ ಹಳೇ ಬಂಗಲೆ ಹೋಂಸ್ಟೇ. ರೂಮುಗಳಿಗೆ ನಂಬರ್ ಇಲ್ಲ, ಸ್ಕಾಟ್ಲೆಂಡಿನ ಮನೆತನದ ಹೆಸರುಗಳು. ನಮಗೆ ಸಿಕ್ಕಿದ್ದು ಕ್ಯಾಂಪ್‌ಬೆಲ್. ಏನೋ ಗತ್ತಿನ ಹೆಸರು ಅಂದುಕೊಂಡರೆ ಅಲ್ಲಿನ ಗೇಲಿಕ್ ಭಾಷೆಯಲ್ಲಿ 'ಕ್ಯಾಮ್' ಅಂದರೆ ಸೊಟ್ಟ, ಹೆಸರಿನ ಕೊನೆಯ ಭಾಗ ಅಂದರೆ ಬಾಯಿ, ಒಟ್ಟಿನಲ್ಲಿ ಸೊಟ್ಟಬಾಯಿ! ಪಕ್ಕದ ಕ್ಯಾಮರಾನ್ ಸೊಟ್ಟಮೂಗು, ಎದುರಿನ ಮ್ಯಾಕಿಂಟೈರ್ ಬಡಗಿಯ ಮಗ. ಯಾರಿಗೋ ಇಟ್ಟ ಅಡ್ಡಹೆಸರು ಇಡೀ ಮನೆತನಕ್ಕೇ ಅಂಟಿಕೊಳ್ಳುತ್ತದೆ, ನಮ್ಮೂರಲ್ಲೂ ಹಾಗೇ ಅಲ್ವಾ? ಈ ಸೊಟ್ಟಬಾಯಿ ಸ್ಕಾಟ್ಲೆಂಡಿನ ಮೊದಲ 10 ಹೆಸರುಗಳಲ್ಲಿದೆಯಂತೆ. ಎಲ್ಲಕ್ಕಿಂತ ಜಾಸ್ತಿ ಇರುವುದು ಸ್ಮಿತ್, ಆದರೆ ಆ ಹೆಸರಿನ ರೂಮೇ ಇಲ್ಲಿಲ್ಲ. ಕಡುಬು, ಕೋಳಿ ಸಾರು ಸೂಪರ್. ಬಿಸಿನೀರಿಗೆ ಮಾತ್ರ ಬೆಳಿಗ್ಗೆ ಎಂಟರವರೆಗೆ ಕಾಯಬೇಕು. 5ಕ್ಕೆ 4 ಸ್ಟಾರ್. ಮನೆಗೆ ಬಂದ ಮೇಲೂ ನನ್ನ ಹೆಂಡತಿ ನನ್ನನ್ನು ಕ್ಯಾಂಪ್‌ಬೆಲ್ ಅಂತಲೇ ಕರೆಯುತ್ತಿದ್ದಾಳೆ.