ಮೈಕೊರೈಜಾ ಪುಡಿ: ಹಲವು ಬೇಸಿಗೆಗಳ ಬಳಕೆಯ ನಂತರ

ಬೇರಿನೊಂದಿಗೆ ಸಹಜೀವನ ನಡೆಸುವ ಮೈಕೊರೈಜಾ ಶಿಲೀಂಧ್ರದ ಪುಡಿಯನ್ನು ಟೊಮೆಟೊ, ಮೆಣಸಿನಕಾಯಿ ಮತ್ತು ಮುಸುಕಿನ ಜೋಳಕ್ಕೆ ಕೆಲವು ವರ್ಷಗಳಿಂದ ಬಳಸುತ್ತ ಬಂದಿದ್ದೇನೆ. ಬಿಸಿಲಿನ ತಾಪವನ್ನು ತಾಳಿಕೊಳ್ಳಲು ಇದು ಬೆಳೆಗೆ ನೆರವಾಗುತ್ತದೆಯೇ ಎಂಬುದೇ ನನ್ನ ಮುಖ್ಯ ಕುತೂಹಲವಾಗಿತ್ತು. ನೆರವಾಗುತ್ತದೆ, ಆದರೆ ಅದಕ್ಕೆ ಬೇಕಾದ ಪರಿಸ್ಥಿತಿಯನ್ನು ಒದಗಿಸಿದಾಗ ಮಾತ್ರ.

ಪುಡಿ ಹಾಕಿದ ಸಾಲಿನ ಟೊಮೆಟೊ ಗಿಡಗಳೂ ಉರಿಬಿಸಿಲಿಗೆ ಬಾಡುತ್ತವೆ. ಆದರೆ ಅವು ತಡವಾಗಿ ಬಾಡಿ, ಹೊತ್ತು ಇಳಿಯುತ್ತಿದ್ದಂತೆ ಬೇಗ ಚೇತರಿಸಿಕೊಳ್ಳುತ್ತವೆ. ಹಾಕದ ಸಾಲಿನಲ್ಲಿ ಎಲೆಯ ಅಂಚು ಮುರುಟಿದ್ದು ಮರುದಿನವೂ ಹಾಗೆಯೇ ಇರುತ್ತದೆ. ಶಿಲೀಂಧ್ರದ ಎಳೆಗಳು ಬೇರುರೋಮಗಳಿಗಿಂತಲೂ ತೆಳ್ಳಗೆ, ಕೆಲವೇ ಮೈಕ್ರೊಮೀಟರ್ ದಪ್ಪವಿರುವುದರಿಂದ, ಬೇರು ನುಸುಳಲಾಗದ ಮಣ್ಣಿನ ಸಂದುಗಳಿಂದಲೂ ಅವು ನೀರನ್ನೂ ರಂಜಕವನ್ನೂ ಎಳೆದು ತರುತ್ತವೆ. ನೀರಿನ ಪೂರೈಕೆ ಇರುವ ಗಿಡ ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳಾದ ಪತ್ರರಂಧ್ರಗಳನ್ನು ಹೆಚ್ಚು ಹೊತ್ತು ತೆರೆದಿಡಬಲ್ಲದು. ಹೀಗೆ ಆವಿಯಾಗುವ ನೀರು ಎಲೆಯನ್ನು ತಂಪಾಗಿಡುತ್ತದೆ, ಆಹಾರ ತಯಾರಿಕೆಯೂ ನಿಲ್ಲುವುದಿಲ್ಲ. ತಾಪದಿಂದ ಜೀವಕೋಶಗಳಲ್ಲಿ ಉಂಟಾಗುವ ಹಾನಿಕಾರಕ ಆಮ್ಲಜನಕ ರೂಪಗಳನ್ನು ಹತ್ತಿಕ್ಕುವ ಕಿಣ್ವಗಳು ಇಂಥ ಗಿಡಗಳಲ್ಲಿ ಹೆಚ್ಚು ಚುರುಕಾಗಿರುವುದು ಅನೇಕ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೂ ಪರಾಗವೇ ಕೆಡುವಷ್ಟು ಸೆಕೆ ಬಂದಾಗ ಹೂ ಉದುರುವುದನ್ನು ಈ ಪುಡಿ ತಪ್ಪಿಸಿದ್ದನ್ನು ನಾನು ಕಂಡಿಲ್ಲ.

ಚಳಿಯ ವಿಷಯದಲ್ಲಿ ನನ್ನ ಮೆಚ್ಚುಗೆ ಇನ್ನೂ ಕಡಿಮೆ. ಮಣ್ಣಿನ ಉಷ್ಣಾಂಶ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಶಿಲೀಂಧ್ರದ ಬೆಳವಣಿಗೆಯೇ ಕುಂಠಿತವಾಗುವುದರಿಂದ, ಚಳಿ ಶುರುವಾದ ಮೇಲೆ ಹಾಕುವ ಪುಡಿ ಬಹುಮಟ್ಟಿಗೆ ದಂಡ. ಮಣ್ಣು ಬೆಚ್ಚಗಿರುವಾಗ, ಸಸಿ ಬೆಳೆಸುವ ಗುಳಿಗಳಿರುವ ತಟ್ಟೆಯಲ್ಲಿಯೇ (ಪ್ರೋಟ್ರೇ) ಬೀಜದ ಅಡಿಗೆ ಹಾಕಿ, ಬೇರಿನೊಳಗೆ ಅದು ನೆಲೆಯೂರಿದ ಸಸಿಗಳನ್ನು ನಾಟಿ ಮಾಡಿದರೆ ಪ್ರಯೋಜನವಿದೆ.

ಈ ಶಿಲೀಂಧ್ರ ಪುಕ್ಕಟೆಯಾಗಿ ದುಡಿಯುವುದಿಲ್ಲ. ಅದು ಬದುಕುವುದು ಗಿಡ ಕೊಡುವ ಸಕ್ಕರೆ ಮತ್ತು ಕೊಬ್ಬಿನಂಶದಿಂದ. ಮಣ್ಣಿನಲ್ಲಿ ರಂಜಕ ಯಥೇಚ್ಛವಾಗಿದ್ದರೆ ಗಿಡಕ್ಕೆ ಈ ವ್ಯವಹಾರ ಬೇಕಾಗುವುದಿಲ್ಲ. ರಂಜಕವಿರುವ ಡಿಎಪಿ ಗೊಬ್ಬರ ಧಾರಾಳವಾಗಿ ಬಿದ್ದ ಸಾಲುಗಳಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬೇರಿಗೆ ಸುರಿಯುವ ಕೆಲವು ಶಿಲೀಂಧ್ರನಾಶಕಗಳೂ ಇದನ್ನು ಕೊಲ್ಲುತ್ತವೆ. ಎಲೆಕೋಸು, ಹೂಕೋಸು, ಸಾಸಿವೆ, ಮೂಲಂಗಿಗಳ ಕುಟುಂಬ ಸಾಮಾನ್ಯವಾಗಿ ಈ ಸಂಬಂಧಕ್ಕೆ ಒಪ್ಪುವುದೇ ಇಲ್ಲ. ಹೀಗಿದ್ದೂ ‘ಎಲ್ಲ ಬೆಳೆಗಳಿಗೂ’ ಎಂದು ಮುದ್ರಿಸಿದ ಪೊಟ್ಟಣಗಳು ಮಾರಾಟವಾಗುತ್ತಿರುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕೊಳ್ಳುವಾಗ ಶಿಲೀಂಧ್ರದ ಪ್ರಭೇದದ ಹೆಸರು, ಪ್ರತಿ ಗ್ರಾಂನಲ್ಲಿರುವ ಜೀವಂತ ಬೀಜಕಗಳ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ನೋಡಬೇಕು. ಜೀವಂತ ವಸ್ತುವಾದ್ದರಿಂದ ಬಿಸಿಲಿನಲ್ಲಿಟ್ಟ ಪೊಟ್ಟಣವನ್ನು ನಾನು ಮುಟ್ಟುವುದಿಲ್ಲ. ಉಳುಮೆ ಕಡಿಮೆ ಮಾಡಿ, ಎರಡು ಬೆಳೆಗಳ ನಡುವೆ ಅಲಸಂದೆ ಬೆಳೆದು ಮಣ್ಣಿನಲ್ಲಿ ಜೀವಂತ ಬೇರು ಇರುವಂತೆ ನೋಡಿಕೊಂಡಲ್ಲಿ, ಎಳೆಗಳ ಜಾಲ ಮುಂದಿನ ಬೆಳೆಗೂ ಉಳಿಯುತ್ತದೆ. ಆದ್ದರಿಂದ ಈಗ ಹೊಲಕ್ಕೆಂದು ಕೊಳ್ಳುವುದನ್ನು ಬಿಟ್ಟು, ಪ್ರೋಟ್ರೇಗಳಿಗೆ ಬೇಕಾದಷ್ಟನ್ನು ಮಾತ್ರ ತರಿಸುತ್ತಿದ್ದೇನೆ.