ಒಂದು ಪಿರಿಯಡ್, ನಲವತ್ತು ಮಕ್ಕಳು: ಜಪಾನ್ ಪರಿಚಯಕ್ಕೆ ಯಾವ ಚಟುವಟಿಕೆ ವಾಸಿ?

ಜಪಾನಿನ ಸಂಸ್ಕೃತಿಯನ್ನು ಮಕ್ಕಳಿಗೆ ಪರಿಚಯಿಸಬೇಕು ಅಂದ ಕೂಡಲೇ ಹೆಚ್ಚಿನ ಶಿಕ್ಷಕರು ಬಣ್ಣದ ಕಾಗದ ತರಿಸಿ ಕೊಕ್ಕರೆ ಮಡಿಸಲು ಹೊರಡುತ್ತಾರೆ. ಐದರಿಂದ ಎಂಟನೇ ತರಗತಿ, ನಲವತ್ತು ಮಕ್ಕಳು, ನಲವತ್ತು ನಿಮಿಷ, ಒಬ್ಬರೇ ಶಿಕ್ಷಕರು. ಈ ಲೆಕ್ಕದಲ್ಲಿ ಮಾಡಿಸಿ ನೋಡಿದರೆ ಕೊಕ್ಕರೆ ಹಿಂದೆ ಬೀಳುತ್ತದೆ. ನಮ್ಮ ಮಟ್ಟಿಗೆ ಮೊದಲ ಸ್ಥಾನ ಚಿತ್ರ ತೋರಿಸುತ್ತ ಕಥೆ ಹೇಳುವ ಕಾಮಿಶಿಬಾಯಿಗೆ, ಎರಡನೆಯದು ಚೌಕದ ಬಟ್ಟೆಯಲ್ಲಿ ವಸ್ತು ಕಟ್ಟುವ ಫುರೊಶಿಕಿಗೆ. ಕಾಗದ ಮಡಿಸುವ ಒರಿಗಾಮಿ ಮೂರನೆಯದು, ಅದೂ ಕೊಕ್ಕರೆಯನ್ನು ಬಿಟ್ಟು. ಕುಂಚದ ಬರವಣಿಗೆ ಚೆನ್ನಾಗಿದ್ದರೂ ಇಷ್ಟು ದೊಡ್ಡ ತರಗತಿಗೆ ಒಗ್ಗುವುದಿಲ್ಲ.

ಕೊಕ್ಕರೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮೊದಲು ನೋಡೋಣ. ಚೌಕದ ಹಾಳೆಗೆ ಎರಡು ನೇರ, ಎರಡು ಮೂಲೆಯಿಂದ ಮೂಲೆಗೆ ಮಡಿಕೆ ಹಾಕಿ ಚಿಕ್ಕ ಚೌಕಕ್ಕೆ ಇಳಿಸುವ ತನಕ ಎಲ್ಲರೂ ಜೊತೆಗಿರುತ್ತಾರೆ. ಮುಂದಿನ ಹೆಜ್ಜೆಯಲ್ಲಿ ಮೇಲಿನ ಒಂದೇ ಪದರವನ್ನು ಎತ್ತಿ, ಎರಡು ಪಕ್ಕಗಳನ್ನು ಒಳಕ್ಕೆ ಒತ್ತಿ, ಉದ್ದನೆಯ ವಜ್ರಾಕೃತಿ ತೆಗೆಯಬೇಕು. ಅರ್ಧ ತರಗತಿ ಅಲ್ಲೇ ನಿಂತುಬಿಡುತ್ತದೆ. ಕೆಲವರು ಚೌಕದ ತೆರೆದ ಮೂಲೆಯನ್ನು ಮೇಲೆ ಹಿಡಿದಿರುತ್ತಾರೆ, ಉಳಿದವರು ಗುರುತಿನ ಮಡಿಕೆಗಳನ್ನು ಉಗುರಿನಿಂದ ತೀಡಿರುವುದಿಲ್ಲ. ಹಾಳೆಯ ದೋಷವೂ ಉಂಟು. ಒರಿಗಾಮಿ ಕಾಗದ ಸಾಮಾನ್ಯವಾಗಿ 15 ಸೆಂ.ಮೀ. ಚೌಕ, ತೆಳುವಾಗಿರುತ್ತದೆ. ಜೆರಾಕ್ಸ್ ಹಾಳೆಯಿಂದ 21 ಸೆಂ.ಮೀ. ಚೌಕ ಕತ್ತರಿಸಿಕೊಟ್ಟರೆ, ಕುತ್ತಿಗೆಯ ಬಳಿ ಪದರ ಮೇಲೆ ಪದರ ಸೇರಿ ದಪ್ಪವಾಗಿ ಮಡಿಕೆ ಬಿರಿಯುತ್ತದೆ. ಚೌಕ ಎರಡು ಮಿಲಿಮೀಟರ್ ಓರೆಯಾದರೂ ಕೊಕ್ಕು ಸೊಟ್ಟ.

ಕೊಕ್ಕರೆಯ ಜೊತೆಗೆ, ಸಾವಿರ ಕೊಕ್ಕರೆ ಮಡಿಸಿದರೆ ಆಸೆ ಈಡೇರುತ್ತದೆ ಎಂಬ ನಂಬಿಕೆಯಿಂದ ಆಸ್ಪತ್ರೆಯಲ್ಲಿ ಅವನ್ನು ಮಡಿಸುತ್ತಿದ್ದ ಹುಡುಗಿ ಸಡಾಕೊ ಸಸಾಕಿಯ ಕಥೆ ಬಂದೇ ಬರುತ್ತದೆ. 1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಅಣುಬಾಂಬ್ ಬಿದ್ದಾಗ ಅವಳಿಗೆ ಎರಡು ವರ್ಷ. ರಕ್ತದ ಕ್ಯಾನ್ಸರಿನಿಂದ ತೀರಿಕೊಂಡದ್ದು 1955ರ ಅಕ್ಟೋಬರ್ 25ರಂದು. ಸಾವಿರ ಕೊಕ್ಕರೆ ಮುಗಿಸುವ ಮುನ್ನವೇ ಹೋದಳು ಎಂದು ಬಹಳ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಅದು ಅವಳ ಕುರಿತ ಕಾದಂಬರಿಯಿಂದ ಬಂದ ಮಾತು. ಅವಳು ಸಾವಿರ ದಾಟಿಸಿದ್ದಳು ಎನ್ನುತ್ತಾರೆ ಮನೆಯವರು. ಇಷ್ಟು ಭಾರದ ಕಥೆಯನ್ನು ಮಡಿಕೆ ಕಲಿಸುವ ಗಲಾಟೆಯ ನಡುವೆ ಐದು ನಿಮಿಷಕ್ಕೆ ತುರುಕುವುದು ತಪ್ಪು. ಅದಕ್ಕೆ ಬೇರೆಯೇ ಪಿರಿಯಡ್ ಇಡಿ.

ಕೊಕ್ಕರೆಯ ಬದಲು ಕಬುತೊ, ಅಂದರೆ ಸಮುರಾಯಿ ಯೋಧರ ಶಿರಸ್ತ್ರಾಣ ಮಾಡಿಸಿ. ಮೇ 5ರ ಮಕ್ಕಳ ಹಬ್ಬಕ್ಕೆ ಜಪಾನಿನ ಮಕ್ಕಳು ಇದನ್ನು ಮಡಿಸುತ್ತಾರೆ. ದಿನಪತ್ರಿಕೆಯ ಜೋಡಿ ಪುಟ ಬಿಚ್ಚಿ, ಸುಮಾರು 50 ಸೆಂ.ಮೀ. ಚೌಕ ಕತ್ತರಿಸಿದರೆ ತಲೆಗೆ ಕೂರುತ್ತದೆ. ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ, ಮಡಿಸಿದ ಅಂಚು ಮೇಲಿರಲಿ. ಎಡ, ಬಲ ಮೂಲೆಗಳನ್ನು ಕೆಳಗಿನ ತುದಿಗೆ ತನ್ನಿ. ಅವೇ ಎರಡು ರೆಕ್ಕೆಗಳನ್ನು ಮೇಲಿನ ತುದಿಗೆ ಏರಿಸಿ, ಅವುಗಳ ತುದಿಗಳನ್ನು ಹೊರಗೆ ವಾಲಿಸಿದರೆ ಕೊಂಬು. ಕೆಳಗೆ ಉಳಿದ ತುದಿಯಲ್ಲಿ ಮುಂದಿನ ಪದರವನ್ನಷ್ಟೇ ಮೇಲಕ್ಕೆ ಮಡಿಸಿ, ಅದರ ಅಂಚನ್ನು ಇನ್ನೊಮ್ಮೆ ಮಡಿಸಿ, ಹಿಂದಿನ ಪದರವನ್ನು ಒಳಕ್ಕೆ ಸೇರಿಸಿ. ಎಡವಟ್ಟಾಗುವುದು ಒಂದೇ ಕಡೆ: ಕೆಳಗಿನ ಎರಡೂ ಪದರ ಒಟ್ಟಿಗೆ ಏರಿಸಿಬಿಟ್ಟರೆ ತಲೆ ತೂರಿಸಲು ಬಾಯಿಯೇ ಇರುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಲ್ಲರ ತಲೆಯ ಮೇಲೂ ಕೊಂಬು.

ಈಗ ಕಾಮಿಶಿಬಾಯಿ. 1930ರ ಸುಮಾರಿಗೆ ಟೋಕಿಯೊ ಬೀದಿಗಳಲ್ಲಿ ಹುಟ್ಟಿದ ಚಿತ್ರಕಥೆಯ ಆಟ ಇದು. ಸೈಕಲ್ಲಿನ ಹಿಂದೆ ಮರದ ಚೌಕಟ್ಟು ಕಟ್ಟಿಕೊಂಡು ಬಂದವನು ಎರಡು ಮರದ ತುಂಡು ಬಡಿದು ಮಕ್ಕಳನ್ನು ಕರೆಯುತ್ತಿದ್ದ, ಮಿಠಾಯಿ ಮಾರುತ್ತಿದ್ದ, ಆಮೇಲೆ ಒಂದೊಂದೇ ಚಿತ್ರ ಎಳೆಯುತ್ತ ಕಥೆ ಹೇಳುತ್ತಿದ್ದ. ಟಿ.ವಿ. ಬಂದಮೇಲೆ ಬೀದಿಯ ಆಟ ಸೊರಗಿತು, ಶಾಲೆ ಮತ್ತು ಗ್ರಂಥಾಲಯಗಳಲ್ಲಿ ಉಳಿಯಿತು.

ಕಥೆಗೆ ಎಲ್ಲರೂ ಮೊಮೊತಾರೊವನ್ನೇ, ಅಂದರೆ ಪೀಚ್ ಹಣ್ಣಿನಿಂದ ಹುಟ್ಟಿದ ಹುಡುಗನ ಕಥೆಯನ್ನೇ ಹಿಡಿಯುತ್ತಾರೆ. ರಾಕ್ಷಸರನ್ನು ಮಣಿಸುವ ಕಥೆ ನಮ್ಮ ಮಕ್ಕಳಿಗೆ ಹೊಸದೇನಲ್ಲ, ಹಾಗಾಗಿ ಜಪಾನ್ ಎದ್ದು ಕಾಣುವುದಿಲ್ಲ. 'ಕಸಾ ಜಿಜೊ' ಎಂಬ ಜನಪದ ಕಥೆ ಆರಿಸಿಕೊಳ್ಳಿ. ವರ್ಷದ ಕೊನೆಯ ದಿನ, ಬಡ ಮುದುಕನೊಬ್ಬ ಹುಲ್ಲಿನ ಟೋಪಿ ಮಾರಲು ಹೋಗುತ್ತಾನೆ. ಒಂದೂ ಮಾರಾಟವಾಗುವುದಿಲ್ಲ. ವಾಪಸ್ ಬರುವಾಗ ದಾರಿಬದಿಯಲ್ಲಿ ಹಿಮ ಹೊತ್ತು ನಿಂತ ಆರು ಜಿಜೊ ವಿಗ್ರಹಗಳು. ಟೋಪಿ ಇರುವುದು ಐದೇ, ಆರನೆಯದಕ್ಕೆ ತನ್ನ ತಲೆವಸ್ತ್ರವನ್ನೇ ಕಟ್ಟುತ್ತಾನೆ. ರಾತ್ರಿ ವಿಗ್ರಹಗಳು ಅಕ್ಕಿ, ಮೋಚಿ (ಅಂಟು ಅಕ್ಕಿಯ ತಿನಿಸು) ಹೊತ್ತು ಅವನ ಮನೆಗೆ ಬರುತ್ತವೆ. ಹೊಸವರ್ಷ, ಮೋಚಿ, ಹಿಮ, ದಾರಿಬದಿಯ ದೇವರು ಎಲ್ಲವೂ ಕಥೆಯೊಳಗೇ ಇವೆ, ಪಾಠವೆಂದು ಬೇರೆ ಹೇಳಬೇಕಿಲ್ಲ. ಜಿಜೊ ಅಂದರೆ ಭಾರತದಿಂದ ಚೀನಾ ದಾಟಿ ಅಲ್ಲಿಗೆ ಹೋದ ಬೋಧಿಸತ್ತ್ವ ಕ್ಷಿತಿಗರ್ಭ ಎಂದರೆ ಏಳನೇ ತರಗತಿಯವರ ಕಿವಿ ನೆಟ್ಟಗಾಗುತ್ತದೆ.

ತಯಾರಿಯಲ್ಲಿ ಅಳತೆ ಮುಖ್ಯ. ಚಿತ್ರ ಎ3 ಗಾತ್ರಕ್ಕಿಂತ ಚಿಕ್ಕದಾದರೆ ಮೂರನೇ ಬೆಂಚಿನಿಂದಾಚೆ ಕಾಣದು. ಹಾಳೆ 250 ಜಿ.ಎಸ್.ಎಂ. (ಚದರ ಮೀಟರಿಗೆ 250 ಗ್ರಾಂ ತೂಕ) ಆದರೂ ಇರಲಿ, ತೆಳುವಾದರೆ ಚೌಕಟ್ಟಿನೊಳಗೆ ಬಾಗುತ್ತದೆ. ಹತ್ತು ಚಿತ್ರ ಸಾಕು. ಗೆರೆ ದಪ್ಪ, ಹಿನ್ನೆಲೆ ಖಾಲಿ. ರಟ್ಟಿನ ಪೆಟ್ಟಿಗೆಯಲ್ಲಿ ಕಿಟಕಿ ಕತ್ತರಿಸುವಾಗ ನಾಲ್ಕೂ ಕಡೆ ಚಿತ್ರಕ್ಕಿಂತ ಒಂದು ಸೆಂ.ಮೀ. ಕಿರಿದಾಗಿರಲಿ, ಒಂದು ಪಕ್ಕವನ್ನು ಹಾಳೆ ಎಳೆಯಲು ಪೂರ್ತಿ ತೆರೆಯಿರಿ.

ತೊಂಬತ್ತು ಪಾಲು ಜನ ತಪ್ಪುವುದು ಬರಹದ ಜಾಗದಲ್ಲಿ. ಮೊದಲ ಚಿತ್ರದ ಮಾತನ್ನು ಅದರ ಬೆನ್ನಿಗೇ ಬರೆದರೆ, ಹೇಳುವವರಿಗೆ ಅದು ಕಾಣುವುದೇ ಇಲ್ಲ, ಏಕೆಂದರೆ ಅದರ ಹಿಂದೆ ಇನ್ನೂ ಒಂಬತ್ತು ಹಾಳೆಗಳಿವೆ. ಒಂದನೇ ಚಿತ್ರದ ಮಾತು ಹತ್ತನೆಯದರ ಬೆನ್ನಿಗೆ, ಎರಡನೆಯದರ ಮಾತು ಒಂದನೆಯದರ ಬೆನ್ನಿಗೆ, ಹೀಗೆ ಸಾಗಬೇಕು. ಎಳೆದ ಹಾಳೆಯನ್ನು ಹಿಂದಕ್ಕೆ ಸೇರಿಸಿದಂತೆ ಮುಂದಿನ ಮಾತು ತಾನಾಗಿ ಕಣ್ಣೆದುರು ಬರುತ್ತದೆ. ಎಲ್ಲಿ ಅರ್ಧಕ್ಕೆ ಎಳೆದು ನಿಲ್ಲಿಸಬೇಕೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಹಿಮದಲ್ಲಿ ವಿಗ್ರಹಗಳು ಕಾಣುವ ಹಾಳೆಯನ್ನು ನಿಧಾನಕ್ಕೆ ತೆರೆದರೆ ಮಕ್ಕಳೇ ಒಂದು, ಎರಡು ಎಂದು ಎಣಿಸತೊಡಗುತ್ತಾರೆ. ಪೆಟ್ಟಿಗೆಯ ಹಿಂದೆ ಅಡಗಿ ಓದಬೇಡಿ, ಪಕ್ಕದಲ್ಲಿ ಮುಖ ಕಾಣುವಂತೆ ನಿಲ್ಲಿ. ಕಥೆಗೆ ಹನ್ನೆರಡು ನಿಮಿಷ ಹಿಡಿದೀತು. ಉಳಿದ ಹೊತ್ತಿನಲ್ಲಿ ನಾಲ್ವರ ಹತ್ತು ಗುಂಪು ಮಾಡಿ, ಗುಂಪಿಗೊಂದು ದೃಶ್ಯ ಕೊಟ್ಟರೆ ಮುಂದಿನ ಪಿರಿಯಡ್‌ನಲ್ಲಿ ಮಕ್ಕಳೇ ಆಡಿಸುತ್ತಾರೆ.

ಫುರೊಶಿಕಿಗೆ ತಯಾರಿ ಕಡಿಮೆ. ರವಿಕೆ ಕಣವನ್ನು 70 ಸೆಂ.ಮೀ. ಚೌಕ ಮಾಡಿಕೊಳ್ಳಿ, ಹತ್ತಿಯದೇ ಬೇಕು. ಪಾಲಿಯೆಸ್ಟರ್‌ನಲ್ಲಿ ಗಂಟು ಜಾರುತ್ತದೆ, ಟವೆಲ್ಲಿನಲ್ಲಿ ಗಂಟು ಮುಷ್ಟಿಯಷ್ಟಾಗುತ್ತದೆ. ಬಟ್ಟೆಯ ಕರ್ಣ ವಸ್ತುವಿನ ಉದ್ದದ ಮೂರರಷ್ಟಿದ್ದರೆ ಸರಿ, ಈ ಚೌಕಕ್ಕೆ ಪಠ್ಯಪುಸ್ತಕಗಳ ಕಟ್ಟು ಹೊಂದುತ್ತದೆ. ವಸ್ತುವನ್ನು ನಡುವೆ ಇಟ್ಟು, ಹತ್ತಿರದ ಮೂಲೆ ಹೊದಿಸಿ ಅಡಿಗೆ ಸಿಕ್ಕಿಸಿ, ಎದುರಿನ ಮೂಲೆ ಹೊದಿಸಿ, ಎಡ-ಬಲ ತುದಿಗಳನ್ನು ಗಂಟು ಹಾಕಿ. ಮೊದಲ ಸುತ್ತು ಬಲದ್ದು ಎಡದ ಮೇಲೆ ಹೋದರೆ ಎರಡನೇ ಸುತ್ತು ಎಡದ್ದು ಬಲದ ಮೇಲೆ. ಗಂಟಿನ ಕಿವಿಗಳು ಅಡ್ಡಕ್ಕೆ ಮಲಗಿದರೆ ಸರಿ, ಮೇಲಕ್ಕೂ ಕೆಳಕ್ಕೂ ನಿಂತರೆ ಎರಡೂ ಸಲ ಒಂದೇ ಕಡೆಯಿಂದ ಸುತ್ತಿದ್ದಾರೆ, ಬಿಚ್ಚಿಹೋಗುತ್ತದೆ.

"ಇದು ನಮ್ಮ ಬುತ್ತಿ ಗಂಟೇ ಅಲ್ವಾ ಮಿಸ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದೆಂದು ಒಪ್ಪಿಕೊಂಡು ವ್ಯತ್ಯಾಸಕ್ಕೆ ಹೋಗಿ. ಉಡುಗೊರೆಯನ್ನು ಬಟ್ಟೆಯಿಂದ ಬಿಚ್ಚಿ, ಎರಡೂ ಕೈಯಿಂದ ಕೊಟ್ಟು, ಬಟ್ಟೆಯನ್ನು ಮಡಚಿ ವಾಪಸ್ ಒಯ್ಯುವುದು ಅಲ್ಲಿನ ಪದ್ಧತಿ. ಇಬ್ಬಿಬ್ಬರನ್ನು ನಿಲ್ಲಿಸಿ ಇದನ್ನು ಆಡಿಸದಿದ್ದರೆ ಬರೀ ಗಂಟು ಕಲಿತಂತಾಗುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಬದಲಿಯಾಗಿ 2006ರಲ್ಲಿ ಜಪಾನಿನ ಆಗಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಇದನ್ನೇ ಪ್ರಚಾರ ಮಾಡಿದ್ದು ಹಿರಿಯ ತರಗತಿಗಳಲ್ಲಿ ಚರ್ಚೆಗೆ ಒದಗುತ್ತದೆ.

ಕುಂಚದ ಬರವಣಿಗೆ, ಶೊದೊ, ಹನ್ನೆರಡು ಮಕ್ಕಳ ಕ್ಲಬ್ಬಿಗೆ ಸರಿ. ಜಪಾನಿನಲ್ಲಿ ಮೂರನೇ ತರಗತಿಯಿಂದ ಕುಂಚ ಹಿಡಿಸುತ್ತಾರೆ. ಇಲ್ಲಿ ನಲವತ್ತು ಒದ್ದೆ ಹಾಳೆ ಒಣಗಿಸಲು ಜಾಗವಿಲ್ಲ, ಸುಮಿ ಎಂಬ ಜಪಾನಿ ಕಪ್ಪು ಮಸಿ ಯೂನಿಫಾರ್ಮಿಗೆ ತಾಗಿದರೆ ಹೋಗುವುದೂ ಇಲ್ಲ. ಮಾಡಲೇಬೇಕೆಂದರೆ ನೀರು ಬೆರೆಸಿದ ಕಪ್ಪು ಪೋಸ್ಟರ್ ಬಣ್ಣ, ಹತ್ತನೇ ನಂಬರಿನ ದುಂಡು ಕುಂಚ, ಕೆಳಗೆ ಹಳೆಯ ಪತ್ರಿಕೆ. ಮೂರೇ ಗೆರೆಯ 'ಯಾಮಾ', ಅಂದರೆ ಬೆಟ್ಟ, ಸಾಕು. ಕುಂಚವನ್ನು ಪೆನ್ಸಿಲಿನಂತೆ ಓರೆ ಹಿಡಿದರೆ ಗೆರೆ ಕೆಡುತ್ತದೆ, ನೆಟ್ಟಗೆ ಹಿಡಿಸಿ.

ತರಗತಿ ಗುಡಿಸುವ 'ಸೋಜಿ'ಯನ್ನು ಈ ಸಾಲಿನಲ್ಲಿ ಸೇರಿಸಿಲ್ಲ. ಅಲ್ಲಿ ಅದು ಗುಂಪು ಬದಲಾಯಿಸುತ್ತ ಶಾಲೆಯ ದಿನಗಳಲ್ಲೆಲ್ಲ ನಡೆಯುವ ಹದಿನೈದಿಪ್ಪತ್ತು ನಿಮಿಷದ ಕೆಲಸ. ಒಂದು ದಿನ ಫೋಟೊಗೆ ಮಾಡಿಸಿದರೆ ಅದರ ಹುರುಳೇ ಹೋಗುತ್ತದೆ. ಮಕ್ಕಳಿಂದ ಶೌಚಾಲಯ ತೊಳೆಸಿದ ಪ್ರಕರಣಗಳು ಕರ್ನಾಟಕದಲ್ಲಿ ದೊಡ್ಡ ಸುದ್ದಿಯಾಗಿವೆ. ಯಾರ ಮಕ್ಕಳ ಕೈಗೆ ಪೊರಕೆ ಬರುತ್ತದೆ ಎಂಬ ಪ್ರಶ್ನೆ ಇಲ್ಲಿ ಸಣ್ಣದಲ್ಲ. ಶಿಕ್ಷಕರೂ ಪೊರಕೆ ಹಿಡಿದು, ಎಲ್ಲರೂ ಸರದಿಯಲ್ಲಿ, ಕೊಠಡಿಯಷ್ಟನ್ನೇ, ಒಂದು ಟರ್ಮ್ ಪೂರ್ತಿ ಮಾಡುವುದಾದರೆ ಮಾತ್ರ ಕೈಹಾಕಿ.

ಇನ್ನು ವಾರ್ಷಿಕೋತ್ಸವದ ಕಿಮೋನೊ ವೇಷ. ಕೈಮುಗಿದು ಬಗ್ಗಿಸುತ್ತಾರೆ, ಅದು ತಪ್ಪು. ವಂದಿಸುವಾಗ ಗಂಡುಮಕ್ಕಳ ಕೈ ಪಕ್ಕದಲ್ಲಿ, ಹೆಣ್ಣುಮಕ್ಕಳದು ಮುಂದೆ ಒಂದರ ಮೇಲೊಂದು. ಅಂಗೈ ಜೋಡಿಸುವುದು ಊಟಕ್ಕೆ ಮುಂಚೆ, ಪ್ರಾರ್ಥನೆಗೆ. ಕಿಮೋನೊದ ಎಡ ಸೆರಗು ಬಲದ ಮೇಲೆ ಬರಬೇಕು. ತಿರುಗುಮುರುಗಾದರೆ ಅದು ಶವಕ್ಕೆ ತೊಡಿಸುವ ರೀತಿ, ವೇದಿಕೆಗೆ ಕಳಿಸುವ ಮುನ್ನ ಇದೊಂದನ್ನಾದರೂ ನೋಡಿಕೊಳ್ಳಿ.