ಹಳೇ ಹೆಂಚಿನ ಮನೆಯನ್ನು ಡಬ್ಬಿ ಮಾಡಬೇಡಿ

ಕಳೆದ ವರ್ಷ ಆಗಸ್ಟಿನಲ್ಲಿ ಅಮ್ಮ ಫೋನ್ ಮಾಡಿ, "ಧಾರೆ ಸೀರೆಗೆ ಬೂಷ್ಟು ಬಂದಿದೆ ಕಣೋ" ಎಂದರು. ಬೀರುವಿನೊಳಗೆ ಹಳೇ ಪಂಚೆಯಲ್ಲಿ ಸುತ್ತಿಟ್ಟ ಸೀರೆ. ನಲವತ್ತು ಮಳೆಗಾಲ ಏನೂ ಆಗಿರಲಿಲ್ಲ. ನಾನು ಮನೆ ರಿಪೇರಿ ಮಾಡಿಸಿದ ಮೊದಲ ಮಳೆಗಾಲದಲ್ಲೇ ಹಾಳಾಯಿತು.

ತೀರ್ಥಹಳ್ಳಿ ಕಡೆಯ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಅದಕ್ಕೆ ಸುಣ್ಣ, ಮೇಲೆ ಮಂಗಳೂರು ಹೆಂಚು. ಆರಿದ್ರಾ ಮಳೆ ಹಿಡಿದರೆ ಪುಷ್ಯ ಮುಗಿಯುವ ತನಕ ಬಿಸಿಲು ಕಾಣುವುದೇ ಅಪರೂಪ. ಸಂದಿಯಿಂದ ಕಸ ಬೀಳುತ್ತದೆ, ಇಲಿ ಓಡಾಡುತ್ತದೆ, ಪಾತ್ರೆಯೆಲ್ಲ ಮಸಿ ಎಂದು ಅಮ್ಮನಿಗೂ ಸಾಕಾಗಿತ್ತು. ನಾನು ಬೆಂಗಳೂರಿನಲ್ಲಿ ಕೂತು ದುಡ್ಡು ಕಳಿಸಿದೆ.

ಕಂಟ್ರಾಕ್ಟರ್ ಹೆಸರು ಬೇಡ ಬಿಡಿ. ಅವರು ಸುಣ್ಣ ಕೆರೆದು ಸಿಮೆಂಟ್ ಗಾರೆ ಮಾಡಿಸಿದರು. ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಪ್ಲಾಸ್ಟಿಕ್ ಪೇಂಟ್. ಹೆಂಚಿನಡಿ ಪಿವಿಸಿ ಸೀಲಿಂಗ್, ಮರದ ಕಿಟಕಿಗಳ ಜಾಗದಲ್ಲಿ ಸ್ಲೈಡಿಂಗ್ ಕಿಟಕಿ, ಸೌದೆ ಒಲೆಯ ಜಾಗದಲ್ಲಿ ಗ್ರಾನೈಟ್ ಕಟ್ಟೆ. "ಹಲ್ಲಿ ಬರುತ್ತೆ ಸಾರ್" ಎಂದು ಹೊಗೆಗಂಡಿಯನ್ನೂ ಮುಚ್ಚಿದರು. ನೆಂಟರು ಬಂದು ಹೊಗಳಿ ಕಾಫಿ ಕುಡಿದು ಹೋದರು.

ಜೂನ್ ಕೊನೆಗೆ ಮೊದಲು ಮುಗ್ಗಲು ವಾಸನೆ ಬಂತು. ಆಮೇಲೆ ಗೋಡೆಯ ಬುಡದಲ್ಲಿ ಪೇಂಟು ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಒಳಗೆ ಬಿಳಿ ಉಪ್ಪು. ಅಡುಗೆಮನೆ ಸೀಲಿಂಗಿನಿಂದ ಬೆಳಿಗ್ಗೆ ಹನಿ ಬೀಳುತ್ತಿತ್ತು. ಹೆಂಚು ಒಡೆದಿದೆ ಎಂದು ಆಳು ಹತ್ತಿಸಿ ನೋಡಿದರೆ ಒಂದು ಹೆಂಚೂ ಒಡೆದಿರಲಿಲ್ಲ. ಅಪ್ಪನ ಕೆಮ್ಮು ಜಾಸ್ತಿಯಾಯಿತು.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಅದೇ ಕಂಟ್ರಾಕ್ಟರನ್ನೇ ಕೇಳಿದೆ. ಅವರು ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಕೋಟಿಂಗ್ ಹೊಡೆದು ನಲವತ್ತು ಸಾವಿರ ತೆಗೆದುಕೊಂಡರು. ಮೊಣಕಾಲ ತನಕ ಇದ್ದ ತೇವ ಸೊಂಟದ ತನಕ ಹತ್ತಿತು. ಯಾಕೆ ಅಂದರೆ, ನೆಲದ ನೀರನ್ನು ಮಣ್ಣಿನ ಗೋಡೆ ಬತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ಸುಣ್ಣವಿದ್ದಾಗ ಅದು ಬುಡದಲ್ಲೇ ಆವಿಯಾಗಿ ಹೋಗುತ್ತಿತ್ತು. ನಾವು ಬಾಗಿಲು ಹಾಕಿದೆವು. ನೀರು ಸುಮ್ನೆ ಕೂರುತ್ತದೆಯೇ? ಮೇಲೆ ಹತ್ತಿತು.

ಸೀಲಿಂಗಿನ ಹನಿಯ ಕಥೆ ಬೇರೆ. ಅದು ಮಳೆ ನೀರಲ್ಲ, ನಮ್ಮದೇ ಅಡುಗೆಯ ಆವಿ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಬರುತ್ತದೆ. 14.2 ಕೆಜಿ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 22 ಲೀಟರ್, ಅಂದರೆ ಒಂದು ದೊಡ್ಡ ಕೊಡಕ್ಕಿಂತ ಜಾಸ್ತಿ! ಅನ್ನ, ಸಾರು ಕುದಿಯುವ ಆವಿ ಇದಕ್ಕೆ ಸೇರಿಲ್ಲ. ಸೌದೆ ಉರಿದರೂ ಆವಿ ಬರುತ್ತದೆ, ಆದರೆ ಅದು ಹೊಗೆಯ ಜೊತೆ ಹೊಗೆಗಂಡಿಯಲ್ಲೋ ಹೆಂಚಿನ ಸಂದಿಯಲ್ಲೋ ಹೋಗುತ್ತಿತ್ತು.

"ಕಿಟಕಿ ತೆಗೆದಿಡಮ್ಮ" ಎಂದು ದಿನಾ ಫೋನಿನಲ್ಲಿ ಹೇಳುತ್ತಿದ್ದೆ. ಬುದ್ಧಿವಂತಿಕೆ ನೋಡಿ. ಜುಲೈಯಲ್ಲಿ ಮಲೆನಾಡಿನ ಹೊರಗಿನ ಗಾಳಿಯೇ ನೆನೆದ ಗೋಣಿಚೀಲ. ಅದು ಒಳಗೆ ಬಂದರೆ ಏನು ಒಣಗೀತು? ಬರೀ ಗಾಳಿ ಸಾಲದು, ಕಾವೂ ಬೇಕು. ಆ ಕಾವು ದಿನವಿಡೀ ಕೆಂಡವಿರುತ್ತಿದ್ದ ಒಲೆಯಿಂದ ಬರುತ್ತಿತ್ತು. ಹೆಂಚು ಹೊರುವ ಮರದ ಪಕಾಸು, ರೀಪುಗಳನ್ನು ಒಣಗಿಸಿ ಇಟ್ಟಿದ್ದೂ ಅದೇ. ಹೊಗೆ ಅಪ್ಪನ ಕೆಮ್ಮಿಗೆ ಒಳ್ಳೆಯದಲ್ಲ, ಒಪ್ಪುತ್ತೇನೆ. ಆದರೆ ಒಲೆ ತೆಗೆಯುವ ಮುಂಚೆ ಅದು ಏನೇನು ಕೆಲಸ ಮಾಡುತ್ತಿತ್ತು ಎಂದು ಯೋಚಿಸಬೇಕಿತ್ತು ಅಲ್ವಾ?

ನಿಮ್ಮ ಮನೆ ಗೋಡೆಯೂ ಒದ್ದೆಯಾಗುತ್ತಿದ್ದರೆ ದುಡ್ಡು ಬಿಚ್ಚುವ ಮೊದಲು ಇದೊಂದು ಮಾಡಿ. ಗೋಡೆಯ ಮೇಲಿನ ನೀರು ಒರೆಸಿ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಮೇಲೆ, ನಿಮ್ಮ ಕಡೆಗೆ ಹನಿ ಕೂತರೆ ಅದು ಮನೆಯೊಳಗಿನ ಆವಿ. ಹಾಳೆಯ ಹಿಂದೆ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ. ನಮ್ಮಲ್ಲಿ ಅಡುಗೆಮನೆಯಲ್ಲಿ ಮೊದಲನೆಯದು, ಮಲಗುವ ಕೋಣೆಯಲ್ಲಿ ಎರಡನೆಯದು. ಎರಡಕ್ಕೂ ಒಂದೇ ಔಷಧ ಮಾರುವವರನ್ನು ನಂಬಬೇಡಿ.

ಸೀಲಿಂಗ್ ಬಿಚ್ಚಿಸಿದಾಗ ಪಕಾಸುಗಳ ಮೇಲೆ ಬಿಳಿ ಬೂಷ್ಟು ಹತ್ತಿಯ ಹಾಗೆ ನಿಂತಿತ್ತು. ಎರಡು ಪಕಾಸು ಬದಲಾಯಿಸಬೇಕಾಯಿತು. ಹೊಗೆಗಂಡಿ ತೆರೆಸಿ ಎಕ್ಸಾಸ್ಟ್ ಫ್ಯಾನ್ ಹಾಕಿದೆವು. ಅಡುಗೆ ಮುಗಿದ ಮೇಲೂ ಅರ್ಧ ಗಂಟೆ ಅದು ತಿರುಗುತ್ತದೆ. ಮೂಲೆಯಲ್ಲಿ ಹೊಗೆ ಕೊಳವೆ ಇರುವ ಸಣ್ಣ ಸೌದೆ ಒಲೆ ಬಂತು. ಬೀರುವನ್ನು ಹೊರಗೋಡೆಯಿಂದ ಒಳಗೋಡೆಗೆ ಸರಿಸಿ, ಹಿಂದೆ ಒಂದು ಗೇಣು ಜಾಗ ಬಿಟ್ಟೆವು. ಹೊರಗೆ ಗೋಡೆಯ ಬುಡಕ್ಕೆ ಬಂದು ಕೂತಿದ್ದ ಅಂಗಳದ ಮಣ್ಣು ತೆಗೆಸಿ ಚರಂಡಿ ಮಾಡಿಸಿದೆವು. ಇದಕ್ಕೆ ಜಾಸ್ತಿ ಖರ್ಚಾಗಲಿಲ್ಲ, ಗುಣ ಮಾತ್ರ ಎಲ್ಲಕ್ಕಿಂತ ಬೇಗ ಕಂಡಿತು.

ಸಿಮೆಂಟ್ ತೆಗೆಯುವುದೇ ಕಷ್ಟ. ಕಿತ್ತರೆ ಜೊತೆಗೆ ಮಣ್ಣೂ ಚಕ್ಕೆ ಚಕ್ಕೆಯಾಗಿ ಬರುತ್ತದೆ. ಒಂದು ಕೋಣೆ ಮುಗಿದಿದೆ. ಇನ್ನೆರಡನ್ನು ದೀಪಾವಳಿ ಕಳೆದ ಮೇಲೆ ಮಾಡುತ್ತೇವೆ. ಗೋಡೆ ಒಣಗದೆ ಸುಣ್ಣದ ಗಾರೆ ಹಚ್ಚಬೇಡಿ ಎಂದು ಮೇಸ್ತ್ರಿ ಹೇಳಿದ್ದಾರೆ. ಸೀರೆಯನ್ನು ಅಮ್ಮ ನೆರಳಿನಲ್ಲಿ ಒಣಗಿಸಿ ಇಟ್ಟಿದ್ದಾರೆ. ಸೆರಗಿನ ಕಲೆ ಹೋಗಿಲ್ಲ.